ಬೆಂಗಳೂರು–ಮಂಗಳೂರು ವಿಮಾನ: 305 ಕಿಲೋಮೀಟರ್‌ಗೆ ಐದು ಗಂಟೆ

ದೇವನಹಳ್ಳಿ ಬಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಗೆ ನೇರ ಗೆರೆ ಎಳೆದರೆ ಸುಮಾರು 305 ಕಿ.ಮೀ. ಆಗುತ್ತದೆ. ಗಂಟೆಗೆ 800 ಕಿ.ಮೀ. ವೇಗದಂತೆ ಭಾಗಿಸಿದರೆ 23 ನಿಮಿಷ ಸಾಕು ಎನ್ನಿಸುತ್ತದೆ. ಟಿಕೆಟ್ಟಿನಲ್ಲಿ ಮಾತ್ರ ಒಂದು ಗಂಟೆಗೂ ತುಸು ಹೆಚ್ಚಿನ ಅವಧಿ ನಮೂದಾಗಿರುತ್ತದೆ. ಆ ಅವಧಿಯು ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ ಬಜ್ಪೆಯಲ್ಲಿ ಮತ್ತೆ ನಿಲ್ಲುವವರೆಗಿನದು. ರನ್‌ವೇ ತಲುಪಲು ನೆಲದ ಮೇಲೆ ಹಿಡಿಯುವ ಹೊತ್ತೂ ಅದರಲ್ಲಿ ಸೇರಿರುತ್ತದೆ. ಜೊತೆಗೆ, 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ ಗಂಟೆಗೆ ಸುಮಾರು 460 ಕಿ.ಮೀ. ವೇಗದ ಮಿತಿ ಇರುವುದರಿಂದ, ಇಷ್ಟು ಚಿಕ್ಕ ದಾರಿಯಲ್ಲಿ ಜೆಟ್ ವಿಮಾನವು ಪೂರ್ಣ ವೇಗ ಹಿಡಿಯುವಷ್ಟರಲ್ಲಿ ಇಳಿಯುವ ಸಿದ್ಧತೆ ಶುರುವಾಗಿರುತ್ತದೆ. ನಮ್ಮದು ಎಟಿಆರ್, ರೆಕ್ಕೆಯ ಮುಂದೆ ಪಂಖ ತಿರುಗುವ ವಿಮಾನ. ಗಂಟೆಗೆ ಐನೂರರ ಆಸುಪಾಸು ಅದರ ವೇಗ.

ನಾವು ಜಯನಗರದ ಮನೆ ಬಿಟ್ಟದ್ದು ಬೆಳಗಿನ 5.15ಕ್ಕೆ, ವಿಮಾನವಿದ್ದದ್ದು 8.40ಕ್ಕೆ. ಬೆಳಗಿನ ಖಾಲಿ ರಸ್ತೆಯಲ್ಲೂ ನಿಲ್ದಾಣ ತಲುಪಲು ಒಂದು ಗಂಟೆ ಹತ್ತು ನಿಮಿಷ ಬೇಕಾಯಿತು. ಮೊದಲ ಮತ್ತು ಎರಡನೇ ಟರ್ಮಿನಲ್‌ಗಳಲ್ಲಿ ನಿಮ್ಮ ವಿಮಾನ ಯಾವುದರಲ್ಲಿದೆ ಎಂಬುದನ್ನು ಮನೆಯಲ್ಲೇ ನೋಡಿಕೊಂಡು ಚಾಲಕರಿಗೆ ತಿಳಿಸುವುದು ಒಳ್ಳೆಯದು. ನಾವು ಹೇಳಲು ಮರೆತು, ಒಂದು ಸುತ್ತು ಸುಮ್ಮನೆ ಹಾಕಿದೆವು. ಎಟಿಆರ್‌ಗೆ ಹತ್ತುವುದು ಹಿಂಬಾಗಿಲಿನಿಂದ. ತಲೆಯ ಮೇಲಿನ ಪೆಟ್ಟಿಗೆಯೂ ಚಿಕ್ಕದು. ನನ್ನ ಗಾಲಿ ಬ್ಯಾಗನ್ನು ಮೆಟ್ಟಿಲ ಬುಡದಲ್ಲೇ ಪಡೆದುಕೊಂಡು, ಕೈಗೊಂದು ಚೀಟಿ ಕೊಟ್ಟರು. ಔಷಧಿ, ಲ್ಯಾಪ್‌ಟಾಪ್‌ಗಳನ್ನು ಪ್ರತ್ಯೇಕ ಚೀಲದಲ್ಲಿ ಇಟ್ಟಿದ್ದರೆ ಆ ಗಡಿಬಿಡಿ ತಪ್ಪುತ್ತಿತ್ತು.

ಹೋಗುವಾಗ ಬೆಳಗಿನ ಬಿಸಿಲು ಬೇಡವೆಂದು ಬಲಬದಿಯ ಕಿಟಕಿ ಆರಿಸಿದ್ದೆವು. ಬಯಲುಸೀಮೆಯ ಕಂದು ಬಣ್ಣ ಹಾಸನದ ಆಚೆ ಹಸಿರಿಗೆ ತಿರುಗಿ, ಘಟ್ಟ ಇಳಿದೊಡನೆ ಅಡಿಕೆ ತೋಟಗಳು ಕಾಣಿಸಿದವು. ಗುಡ್ಡದ ನೆತ್ತಿ ಕಡಿದು ಮಾಡಿದ ರನ್‌ವೇ ಮುಟ್ಟುವ ಮುನ್ನ ಕೆಳಗಿನ ಕಣಿವೆ ಕಂಡು ಪಕ್ಕದವರು ಕಣ್ಣು ಮುಚ್ಚಿಕೊಂಡರು.

ಮಂಗಳೂರು ನಗರದ ನಡುವಿನ ಹಂಪನಕಟ್ಟೆ ತಲುಪಿದಾಗ 10.20. ಐದು ಗಂಟೆಯ ಆ ಪಯಣದಲ್ಲಿ ಆಕಾಶದಲ್ಲಿದ್ದದ್ದು ಮುಕ್ಕಾಲು ಗಂಟೆ! ಶಿರಾಡಿ ಘಾಟಿಯ ರಾತ್ರಿ ಬಸ್ಸಿಗೆ ಏಳೆಂಟು ಗಂಟೆಯಾದರೂ ಅದರಲ್ಲಿ ನಿದ್ದೆ ಸಿಗುತ್ತದೆ. ಆದ್ದರಿಂದ ವಿಮಾನ ನಿಲ್ದಾಣಕ್ಕೆ ಹತ್ತಿರವಾದ ಯಲಹಂಕ, ಹೆಬ್ಬಾಳದ ಕಡೆಯವರಿಗೆ ವಿಮಾನವನ್ನೂ, ಅದರಿಂದ ದೂರವಿರುವ ಕೆಂಗೇರಿ ಸುತ್ತಿನವರಿಗೆ ಬಸ್ಸನ್ನೂ ನಾನು ಸೂಚಿಸುತ್ತೇನೆ. ಜುಲೈ–ಆಗಸ್ಟ್‌ನಲ್ಲಿ ಬಜ್ಪೆಯ ಮೇಲೆ ಮೋಡ ಕವಿದರೆ ವಿಮಾನ ಬೇರೆಡೆಗೆ ತಿರುಗುವುದುಂಟು; ಡಿಸೆಂಬರ್–ಜನವರಿಯ ಮುಂಜಾನೆ ದೇವನಹಳ್ಳಿಯ ಮಂಜು ಕಾಯಿಸುತ್ತದೆ. ಮದುವೆಯ ಮುಹೂರ್ತವಿರುವ ದಿನವೇ ಹೊರಡುವ ಸಾಹಸ ಬೇಡ.

ಮರಳಿ ಬರುವಾಗ ಸಂಜೆ ಆರಕ್ಕೆ ಬೆಂಗಳೂರಿನಲ್ಲಿ ಇಳಿದೆವು. ಅಲ್ಲಿಂದ ಜಯನಗರಕ್ಕೆ ಎರಡು ಗಂಟೆ ಹಿಡಿಯಿತು. ಹೆಬ್ಬಾಳದ ಮೇಲ್ಸೇತುವೆಯ ಬಳಿ ನಿಂತ ಹೊತ್ತೇ ಅರ್ಧ ಗಂಟೆ.