ನೀರೊಳಗೆ ಐದು ಸೆಂಟಿಮೀಟರ್

ದಿನ ತುಂಬದೆ ಹುಟ್ಟಿದ ಕೂಸು ಪ್ರತಿ ಉಸಿರು ಬಿಡುವಾಗಲೂ ‘ಹ್ಞ್… ಹ್ಞ್…’ ಎಂದು ನರಳಿದರೆ ಅದು ಅಳುವಲ್ಲ. ಗಂಟಲಿನ ಧ್ವನಿತಂತುಗಳನ್ನು ಅರ್ಧ ಮುಚ್ಚಿಕೊಂಡು, ಹೊರಗೆ ಹೋಗುವ ಗಾಳಿಯನ್ನು ಒಂದಿಷ್ಟು ಒಳಗೇ ಹಿಡಿದಿಟ್ಟುಕೊಳ್ಳಲು ಅದು ತಾನೇ ಕಂಡುಕೊಂಡ ಉಪಾಯ. ಗಾಳಿ ಪೂರ್ತಿ ಖಾಲಿಯಾದರೆ ಶ್ವಾಸಕೋಶದ ಗೂಡುಗಳು ಮುಚ್ಚಿಹೋಗುತ್ತವೆ, ಮುಂದಿನ ಉಸಿರಿಗೆ ಅವನ್ನು ಮತ್ತೆ ಬಿಡಿಸಬೇಕು. ಹೊಸ ಬಲೂನಿಗೆ ಮೊದಲ ಸಲ ಊದುವಾಗ ಕೆನ್ನೆ ನೋಯುತ್ತದಲ್ಲ, ಆ ಕಷ್ಟ ನಿಮಿಷಕ್ಕೆ ಅರವತ್ತು ಸಲ.

ಗೂಡುಗಳು ಹೀಗೆ ಮುಚ್ಚದಂತೆ ತಡೆಯುವುದು ಒಳಗೋಡೆಗೆ ಸವರಿರುವ ಸರ್ಫ್ಯಾಕ್ಟಂಟ್ ಎಂಬ ಜಿಡ್ಡು. ನರಳುವ ಕೂಸುಗಳಲ್ಲಿ ಕೊರತೆ ಇರುವುದು ಇದಕ್ಕೇ ಎಂದು ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್ ತೋರಿಸಿದ್ದು 1959ರಲ್ಲಿ. ಗರ್ಭದಲ್ಲಿ ವಾರ ಕಳೆದಂತೆ ಈ ಜಿಡ್ಡು ಹೆಚ್ಚುತ್ತಾ ಹೋಗಿ 34-35 ವಾರದ ಹೊತ್ತಿಗೆ ಸಾಮಾನ್ಯವಾಗಿ ಸಾಕಾಗುವಷ್ಟಾಗುತ್ತದೆ. ‘ಏಳು ತಿಂಗಳದ್ದು ಉಳಿಯುತ್ತೆ, ಎಂಟು ತಿಂಗಳದ್ದು ಉಳಿಯಲ್ಲ’ ಅನ್ನುವ ಮಾತು ವಾರ್ಡಿನ ಹೊರಗೆ ಇವತ್ತಿಗೂ ಕೇಳಿಸುತ್ತದೆ. ಶ್ವಾಸಕೋಶದ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ. ಹೊಟ್ಟೆಯೊಳಗೆ ಕಳೆದ ಒಂದೊಂದು ವಾರವೂ ಲಾಭವೇ.

ಕೂಸು ನರಳಿ ಮಾಡಿಕೊಳ್ಳುವ ಕೆಲಸವನ್ನು ಹೊರಗಿನಿಂದ ನಾವು ಮಾಡಿಕೊಡುವುದೇ ಸಿಪ್ಯಾಪ್, ಅಂದರೆ ಮೂಗಿನ ಮೂಲಕ ಬಿಡದೆ ಕೊಡುವ ಗಾಳಿಯ ಒತ್ತಡ. ಸ್ಯಾನ್ ಫ್ರಾನ್ಸಿಸ್ಕೋದ ಜಾರ್ಜ್ ಗ್ರೆಗರಿ ಮತ್ತು ಸಂಗಡಿಗರು 1971ರಲ್ಲಿ ಇದರ ವರದಿ ಪ್ರಕಟಿಸಿದರು. 20 ಕೂಸುಗಳಲ್ಲಿ 16 ಉಳಿದಿದ್ದವು. ಒತ್ತಡ ಕೊಡಲು ಹಲವು ದಾರಿಗಳಿವೆ. ನೀರಿನ ಬಾಟಲಿಯ ಬಬಲ್ ಸಿಪ್ಯಾಪ್ ಅವುಗಳಲ್ಲಿ ಅಗ್ಗದ್ದು, ಕಣ್ಣಿಗೆ ಕಾಣುವಂಥದ್ದು. ಹಾಗೆಂದು ಸುಲಭ ಅಂದುಕೊಂಡರೆ ಕೆಟ್ಟಿತು.

ಗಾಳಿಯ ದಾರಿ ಹೀಗೆ: ಗಾಳಿ ಮತ್ತು ಆಕ್ಸಿಜನ್ ಬ್ಲೆಂಡರಿನಲ್ಲಿ ಬೆರೆತು, ಫ್ಲೋಮೀಟರ್ ದಾಟಿ, ಹ್ಯುಮಿಡಿಫೈಯರಿನಲ್ಲಿ 37 ಡಿಗ್ರಿಗೆ ಬಿಸಿಯಾಗಿ ತೇವಗೊಂಡು, ಪೈಪಿನಲ್ಲಿ ಮೂಗಿನ ಪ್ರಾಂಗಿಗೆ (ಹೊಳ್ಳೆಗಳೊಳಗೆ ಕೂರುವ ಜೋಡಿ ನಳಿಕೆ) ಬರುತ್ತದೆ. ಅಲ್ಲಿಂದ ಇನ್ನೊಂದು ಪೈಪು ಹೊರಟು, ಅದರ ತುದಿ ಬಾಟಲಿಯ ನೀರಿನಲ್ಲಿ ಮುಳುಗಿರುತ್ತದೆ. ತುದಿ ನೀರಿನ ಮೇಲ್ಮೈಯಿಂದ ಎಷ್ಟು ಸೆಂಟಿಮೀಟರ್ ಕೆಳಗಿದೆಯೋ ಅಷ್ಟೇ ಒತ್ತಡ. ಸಾಮಾನ್ಯವಾಗಿ 5 ಅಥವಾ 6ರಿಂದ ಶುರು, ಬೇಕಾದರೆ 7-8ರವರೆಗೆ. ಫ್ಲೋ ನಿಮಿಷಕ್ಕೆ 5ರಿಂದ 8 ಲೀಟರ್. ಗುಳ್ಳೆ ನಿಲ್ಲದೆ ಬರುವ ಅತಿ ಕಡಿಮೆ ಫ್ಲೋ ಯಾವುದೋ ಅಲ್ಲಿಗೆ ನಿಲ್ಲಿಸಬೇಕು. ಫ್ಲೋ ಏರಿಸಿದಷ್ಟೂ ಮೂಗಿನ ಬಳಿ ಒತ್ತಡ ಬಾಟಲಿಯ ಲೆಕ್ಕವನ್ನು ಮೀರುತ್ತದೆ.

ಬ್ಲೆಂಡರ್ ಇಲ್ಲದೆ ಬರೀ ಗೋಡೆಯ ಆಕ್ಸಿಜನ್‌ಗೆ ಬಾಟಲಿ ಜೋಡಿಸುವುದು ಅಪಾಯ. ಬಲಿಯದ ಕಣ್ಣಿನ ರೆಟಿನಾಕ್ಕೆ (ಒಳಗಿನ ಪರದೆಗೆ) ನೂರು ಪರ್ಸೆಂಟ್ ಆಕ್ಸಿಜನ್ ವಿಷವಿದ್ದಂತೆ. ಎರಡು ಫ್ಲೋಮೀಟರ್ ಮತ್ತು ಒಂದು ವೈ ಕನೆಕ್ಟರ್ ಇದ್ದರೂ ಬೆರೆಸಬಹುದು: 5 ಲೀಟರ್ ಗಾಳಿಗೆ 1 ಲೀಟರ್ ಆಕ್ಸಿಜನ್ ಸೇರಿಸಿದರೆ ಸುಮಾರು 34 ಪರ್ಸೆಂಟ್, ಎರಡೂ 3 ಲೀಟರ್ ಆದರೆ ಸುಮಾರು 60. ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) 90ರಿಂದ 95ರ ಒಳಗೆ ನಿಲ್ಲಬೇಕು. ಮಾನಿಟರಿನಲ್ಲಿ 99 ಕಂಡು ಖುಷಿಪಡುವಂತಿಲ್ಲ, ಆಕ್ಸಿಜನ್ ಇಳಿಸಬೇಕು. ಜಿಲ್ಲಾಸ್ಪತ್ರೆಯ ಎಸ್‌ಎನ್‌ಸಿಯುಗೆ (ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ) ಇನ್ನೊಂದು ವೆಂಟಿಲೇಟರ್ ತರುವ ಮೊದಲು ಪ್ರತಿ ಸಿಪ್ಯಾಪ್‌ಗೂ ಒಂದು ಬ್ಲೆಂಡರ್ ತರಬೇಕು ಅನ್ನುವುದು ನನ್ನ ಪಟ್ಟು.

ಗುಳ್ಳೆ ನಿಂತರೆ ಎಲ್ಲೋ ಸೋರುತ್ತಿದೆ ಎಂದರ್ಥ. ಮೊದಲು ಮೂಗು ನೋಡಿ: ಪ್ರಾಂಗ್ ಜಾರಿದೆಯೋ, ಸೈಜು ಚಿಕ್ಕದೋ. ಆಮೇಲೆ ಬಾಯಿ; ಬಾಯಿ ತೆರೆದೇ ಮಲಗಿದ್ದರೆ ಗಲ್ಲದ ಕೆಳಗೆ ಹಗುರಾಗಿ ಒಂದು ಪಟ್ಟಿ. ಕೊನೆಗೆ ಹ್ಯುಮಿಡಿಫೈಯರ್ ಚೇಂಬರಿನ ಜೋಡಣೆ. ಸೋರಿಕೆ ಎಲ್ಲಿ ಎಂದು ಗೊತ್ತಾಗದಿದ್ದರೆ ಪ್ರಾಂಗನ್ನು ಮೂಗಿನಿಂದ ತೆಗೆದು ಅದರ ತೂತುಗಳನ್ನು ಬೆರಳಲ್ಲಿ ಒಂದು ಗಳಿಗೆ ಮುಚ್ಚಿ. ಗುಳ್ಳೆ ಬಂತೆಂದರೆ ಪೈಪುಗಳು ಸರಿಯಿವೆ, ತಪ್ಪು ಮೂಗಿನ ಹತ್ತಿರವೇ ಇದೆ.

ಇದಕ್ಕಿಂತ ಮೋಸದ್ದು ಗುಳ್ಳೆ ಚೆನ್ನಾಗಿ ಬರುತ್ತಿರುವಾಗಲೇ ಒತ್ತಡ ತಪ್ಪಾಗಿರುವುದು. ಬೆಚ್ಚಗಿನ ತೇವದ ಗಾಳಿ ಎಸಿಯ ತಣ್ಣನೆ ಕೋಣೆಯಲ್ಲಿ ಪೈಪಿನೊಳಗೇ ನೀರಾಗುತ್ತದೆ. ವಾಪಸು ಹೋಗುವ ಪೈಪು ಹಾಸಿಗೆಯಂಚಿನಲ್ಲಿ ಜೋತುಬಿದ್ದು ಅಲ್ಲಿ 3 ಸೆಂಟಿಮೀಟರ್ ಎತ್ತರ ನೀರು ನಿಂತರೆ, ಕೂಸಿಗೆ ತಗಲುವುದು 5 ಅಲ್ಲ, 8. ಬಾಟಲಿಗೂ ಹನಿ ಹನಿ ನೀರು ಸೇರಿ ಮಟ್ಟ ಏರುತ್ತದೆ. ಆಳ ತೋರಿಸುವ ಕಡ್ಡಿಯ ಮೇಲಿನ ಅಂಕಿ 5ರಲ್ಲೇ ಇರುತ್ತದೆ, ನೀರು ಮಾತ್ರ ಗೆರೆ ದಾಟಿರುತ್ತದೆ. ಆದ್ದರಿಂದ ಗಂಟೆಗೊಮ್ಮೆ ಪೈಪಿನ ನೀರು ಬಸಿದು, ಬಾಟಲಿಯ ಮಟ್ಟವನ್ನು ಕಣ್ಣಿನ ನೇರಕ್ಕೆ ತಂದು ನೋಡಬೇಕು. ಬಾಟಲಿ ಯಾವತ್ತೂ ಕೂಸಿಗಿಂತ ಕೆಳಗಿರಲಿ.

ಇನ್ನು ಮೂಗು. ಸಿಪ್ಯಾಪ್ ಗೆಲ್ಲುವುದೂ ಸೋಲುವುದೂ ಇಲ್ಲೇ. ಪ್ರಾಂಗ್ ಹೊಳ್ಳೆಯನ್ನು ತುಂಬಬೇಕು, ಆದರೆ ಹೊಳ್ಳೆಯ ಅಂಚು ಬಿಳುಚಬಾರದು. ಬಿಳುಚಿದರೆ ದೊಡ್ಡದಾಯಿತು. ಚಿಕ್ಕದು ಹಾಕಿದರೆ ಮೆತ್ತಗಿರುತ್ತದೆ ಅಂದುಕೊಳ್ಳುವವರಿದ್ದಾರೆ. ಅದು ಅಲ್ಲಾಡುತ್ತಾ ಉಜ್ಜುತ್ತದೆ, ಸೋರಿಕೆ ತಡೆಯಲು ಒಳಗೆ ಒತ್ತುತ್ತಾರೆ, ಗಾಯ ಇನ್ನೂ ಬೇಗ ಆಗುತ್ತದೆ. ಎರಡು ಹೊಳ್ಳೆಗಳ ನಡುವಿನ ಗೋಡೆಗೂ ಪ್ರಾಂಗಿನ ಸೇತುವೆಗೂ ನಡುವೆ 2-3 ಮಿಲಿಮೀಟರ್ ಸಂದು ಕಾಣಬೇಕು. ಟಾರ್ಚ್ ಹಿಡಿದರೆ ಆಚೆಯ ಬೆಳಕು ಕಾಣುವಷ್ಟು. ಆ ಜಾಗ ಮೊದಲು ಕೆಂಪಾಗುತ್ತದೆ, ಆಮೇಲೆ ನೇರಳೆ, ಕೊನೆಗೆ ಕಪ್ಪು. ಕಪ್ಪಾದದ್ದು ಮತ್ತೆ ಬೆಳೆಯುವುದಿಲ್ಲ. ಕೆಂಪು ಕಂಡ ಕೂಡಲೇ ಪ್ರಾಂಗ್ ಬಿಟ್ಟು ಮಾಸ್ಕ್ ಹಾಕಿ, ಪಾಳಿಯಲ್ಲಿ ಬದಲಾಯಿಸುತ್ತಾ ಹೋಗಬೇಕು. ಟೋಪಿ ಹುಬ್ಬಿನ ಮೇಲಿನವರೆಗೆ ಬಿಗಿಯಾಗಿ ಕೂತಿರಬೇಕು. ಸಡಿಲ ಟೋಪಿ ಮೇಲಕ್ಕೆ ಸರಿದರೆ ಪ್ರಾಂಗನ್ನೂ ಜೊತೆಗೇ ಎಳೆದು ಮೂಗು ಹಂದಿಮೂತಿಯಂತೆ ಮೇಲೇಳುತ್ತದೆ.

ಹೊಟ್ಟೆ ಉಬ್ಬುವುದು ಸಹಜ, ಗಾಳಿ ಅನ್ನನಾಳಕ್ಕೂ ಹೋಗುತ್ತದಲ್ಲ. ಬಾಯಿಯಿಂದ ಹಾಕಿದ ನಳಿಕೆ ತೆರೆದೇ ಇರಲಿ. ಹಾಲು ಕೊಟ್ಟ ಮೇಲೆ ಅರ್ಧ ಗಂಟೆ ಮುಚ್ಚಿ ಮತ್ತೆ ತೆರೆದರಾಯಿತು. ಉಬ್ಬಿದ ಹೊಟ್ಟೆ ಮೆತ್ತಗಿದ್ದು ವಾಂತಿಯಿಲ್ಲದಿದ್ದರೆ ಹಾಲು ನಿಲ್ಲಿಸಬೇಕಿಲ್ಲ. ಗಟ್ಟಿಯಾಗಿ ಹೊಳೆಯುತ್ತಿದ್ದರೆ, ಹಸಿರು ಪಿತ್ತ ಬಂದರೆ ಮಾತು ಬೇರೆ.

ಯಾವ ಕೂಸಿಗೆ ಹಾಕಬೇಕು? ಉಸಿರಾಟದ ಕಷ್ಟ ಅಳೆಯುವ ಸಿಲ್ವರ್‌ಮನ್ ಸ್ಕೋರಿನಲ್ಲಿ ಐದು ಗುರುತು: ಎದೆ-ಹೊಟ್ಟೆಯ ತಾಳಮೇಳ, ಪಕ್ಕೆ ಎಳೆತ, ಎದೆಮೂಳೆಯ ಕೆಳಗಿನ ಗುಳಿ, ಹೊಳ್ಳೆ ಅರಳುವುದು, ನರಳುವುದು. ಒಂದೊಂದಕ್ಕೂ 0ರಿಂದ 2. ನಾಲ್ಕಕ್ಕೆ ಮುಟ್ಟಿದರೆ ಕಾಯಬೇಡಿ. ಕುಸಿದ ಶ್ವಾಸಕೋಶವನ್ನು ತೆರೆಯುವುದಕ್ಕಿಂತ ತೆರೆದಿರುವುದನ್ನು ಹಾಗೇ ಹಿಡಿದಿಡುವುದು ಸುಲಭ. ತೀರಾ ಚಿಕ್ಕವಕ್ಕೆ ಹೆರಿಗೆ ಕೋಣೆಯಲ್ಲೇ ಶುರುಮಾಡುತ್ತಾರೆ. ಉಸಿರು ಮರೆತುಹೋಗದಂತೆ ಕೆಫೀನ್ ಸಿಟ್ರೇಟ್ ಕೊಡುತ್ತಾರೆ, ಕೆ.ಜಿ.ಗೆ 20 ಮಿಲಿಗ್ರಾಂ ಮೊದಲ ಡೋಸ್, ಆಮೇಲೆ ದಿನಕ್ಕೆ 5ರಿಂದ 10. ಹೌದು, ಕಾಫಿಯಲ್ಲಿರುವ ಅದೇ ಕೆಫೀನ್.

6 ಸೆಂಟಿಮೀಟರ್ ಒತ್ತಡದಲ್ಲೂ ಆಕ್ಸಿಜನ್ 30 ಪರ್ಸೆಂಟ್ ದಾಟಬೇಕಾಗಿ ಬಂದರೆ ಸರ್ಫ್ಯಾಕ್ಟಂಟ್‌ನ ಹೊತ್ತು ಬಂತು. ಈಗಿನ ಒಲವು ತೆಳ್ಳನೆ ಕ್ಯಾಥೆಟರ್ ಕಡೆಗೆ. ಸಿಪ್ಯಾಪ್ ತೆಗೆಯದೆ, ಕೂಸು ತಾನೇ ಉಸಿರಾಡುತ್ತಿರುವಾಗಲೇ ಶ್ವಾಸನಾಳಕ್ಕೆ ಔಷಧಿ ಇಳಿಸುತ್ತಾರೆ. ಪೊರಾಕ್ಟಂಟ್ ಎಂಬ ಸರ್ಫ್ಯಾಕ್ಟಂಟ್ ಆದರೆ ಕೆ.ಜಿ.ಗೆ 200 ಮಿಲಿಗ್ರಾಂ, ಅಂದರೆ 2.5 ಎಂ.ಎಲ್. ಫ್ರಿಜ್ಜಿನಿಂದ ತೆಗೆದ ಸೀಸೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ, ಮೆಲ್ಲಗೆ ತಿರುಗಿಸಬೇಕು. ಕುಲುಕಿದರೆ ನೊರೆಯಾಗುತ್ತದೆ.

ಇಷ್ಟಾದ ಮೇಲೂ ಆಕ್ಸಿಜನ್ 50-60 ಪರ್ಸೆಂಟ್ ಬೇಕಾದರೆ, ರಕ್ತದ ಪಿಎಚ್ 7.2ಕ್ಕಿಂತ ಇಳಿದರೆ, ಉಸಿರು ಪದೇಪದೇ ನಿಂತರೆ ಶ್ವಾಸನಾಳಕ್ಕೆ ಟ್ಯೂಬ್, ವೆಂಟಿಲೇಟರ್. ಒಂದು ಕೆ.ಜಿ.ಗಿಂತ ಕಡಿಮೆಗೆ 2.5ರ ಟ್ಯೂಬ್, ಎರಡು ಕೆ.ಜಿ.ವರೆಗೆ 3. ತುಟಿಯ ಬಳಿ ಆಳದ ಲೆಕ್ಕ, ತೂಕಕ್ಕೆ ಆರು ಕೂಡಿಸಿದಷ್ಟು: ಒಂದು ಕೆ.ಜಿ. ಕೂಸಿಗೆ 7 ಸೆಂಟಿಮೀಟರ್. ಆ ಕೂಸಿಗೆ ಒಂದು ಉಸಿರಿಗೆ ಬೇಕಾದ ಗಾಳಿ 4ರಿಂದ 6 ಎಂ.ಎಲ್., ಒಂದು ಟೀ ಚಮಚದಷ್ಟು. ಉಸಿರು ಕೊಡುವ ಬ್ಯಾಗ್ ಹಿಡಿದು ಗಾಬರಿಯಲ್ಲಿ ಒತ್ತಿದ ಕೈ ಅದರ ಹಲವು ಪಟ್ಟು ತಳ್ಳುತ್ತದೆ; ಗೂಡು ಹರಿಯುವುದು ಹಾಗೆ.

ಟ್ಯೂಬಿನಲ್ಲಿರುವ ಕೂಸಿನ ಸ್ಯಾಚುರೇಶನ್ ದಿಢೀರನೆ ಬಿದ್ದರೆ ಆಕ್ಸಿಜನ್ ಏರಿಸಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಟ್ಯೂಬ್ ಹೊರಬಂತೋ, ಒಳಗೆ ಜಾರಿ ಬಲಕ್ಕೆ ಹೋಯಿತೋ (ಎಡಗಡೆ ಸದ್ದು ಕಡಿಮೆ), ಕಫ ಕಟ್ಟಿತೋ, ಎದೆಯಲ್ಲಿ ಗಾಳಿ ಸೋರಿತೋ, ಮೆಷಿನ್ ಕೈಕೊಟ್ಟಿತೋ, ಇದೇ ಕ್ರಮದಲ್ಲಿ ನೋಡಿ. ಗಾಳಿ ಸೋರಿಕೆಯ ಅನುಮಾನವಿದ್ದರೆ ಲೈಟ್ ಆರಿಸಿ, ಪಕ್ಕೆಗೆ ಕೋಲ್ಡ್ ಲೈಟ್ ಒತ್ತಿ. ಆ ಬದಿ ಲಾಟೀನಿನಂತೆ ಕೆಂಪಗೆ ಬೆಳಗಿದರೆ ಎಕ್ಸ್‌ರೇ ಬರುವವರೆಗೂ ಕಾಯುವ ಪುರುಸೊತ್ತಿಲ್ಲ. ಸಿಪ್ಯಾಪ್‌ನಲ್ಲಿರುವ ಕೂಸಿಗೂ ಇದು ಆಗುತ್ತದೆ, ಅಪರೂಪಕ್ಕೇನಲ್ಲ.

ಇದೆಲ್ಲಕ್ಕಿಂತ ಅಗ್ಗದ ಚಿಕಿತ್ಸೆ ಹೆರಿಗೆಗೆ ಮುಂಚೆಯೇ ಇದೆ. 34 ವಾರದೊಳಗೆ ನೋವು ಶುರುವಾದ ತಾಯಿಗೆ, ಕೂಸಿನ ಶ್ವಾಸಕೋಶ ಬೇಗ ಬಲಿಯಲೆಂದು, ಡೆಕ್ಸಾಮೆಥಸೋನ್ 6 ಮಿಲಿಗ್ರಾಂ, 12 ಗಂಟೆಗೊಂದರಂತೆ ನಾಲ್ಕು ಇಂಜೆಕ್ಷನ್. ದೊಡ್ಡಾಸ್ಪತ್ರೆಗೆ ಕಳಿಸುವುದಾದರೆ ಮೊದಲನೆಯದನ್ನು ಕೊಟ್ಟೇ ಆಂಬುಲೆನ್ಸ್ ಹತ್ತಿಸಬೇಕು, ಚೀಟಿಯಲ್ಲಿ ಹೊತ್ತು ಬರೆದು.

ಸಿಪ್ಯಾಪ್ ಬಿಡಿಸುವಾಗ ಮೊದಲು ಆಕ್ಸಿಜನ್ 21ಕ್ಕೆ ಇಳಿಸಿ, ಆಮೇಲೆ ಒತ್ತಡ 5ಕ್ಕೆ. ಒಂದು ದಿನ ಪಕ್ಕೆ ಎಳೆಯದೆ, ಉಸಿರು ನಿಲ್ಲದೆ ಇದ್ದರೆ ಪ್ರಾಂಗ್ ತೆಗೆದು ನೋಡಬಹುದು. ರಾತ್ರಿ ಪಾಳಿಗೆ ಮುಂಚೆ ಬೇಡ, ಬೆಳಗ್ಗೆ ಜನ ಇರುವಾಗ ತೆಗೆಯಿರಿ. ಬಾಟಲಿ, ಪೈಪು ಇನ್ನೂ ಒಂದು ದಿನ ಅದೇ ಹಾಸಿಗೆಯ ಪಕ್ಕದಲ್ಲಿರಲಿ.