ಗ್ಯಾರೇಜ್ ಡೋರ್‌ಗಾಗಿ ಯಾರ ಚಾನೆಲ್ ಹಾಕಿಡಬೇಕು?

ರಸ್ಟ್ ಎಂಬ ಆನ್‌ಲೈನ್ ಆಟ ಆಡುವವರಿಗೆ ಗೊತ್ತೇ ಇದೆ, ಆಡದವರಿಗಾಗಿ ಎರಡು ಮಾತು. ಮೈಮೇಲೆ ಬಟ್ಟೆಯಿಲ್ಲದೆ, ಕೈಯಲ್ಲೊಂದು ಕಲ್ಲು ಹಿಡಿದು ಎಚ್ಚರಗೊಳ್ಳುತ್ತೀರಿ. ಮರ ಕಡಿದು, ಬಂಡೆ ಒಡೆದು ಮನೆ ಕಟ್ಟಿಕೊಳ್ಳುತ್ತೀರಿ. ನೀವು ಮಲಗಿದ್ದಾಗ ಪಕ್ಕದವರು ಬಂದು ಅದನ್ನು ಸಿಡಿಸಿ ಹೋಗುತ್ತಾರೆ. ಅವರು ಬಿಟ್ಟರೂ ತಿಂಗಳ ಮೊದಲ ಗುರುವಾರ ಬಿಡುವುದಿಲ್ಲ. ಅವತ್ತು ವೈಪ್. ಮನೆ, ಬಂದೂಕು, ಪೆಟ್ಟಿಗೆಯಲ್ಲಿ ಕೂಡಿಟ್ಟ ಗಂಧಕ ಎಲ್ಲ ಸೊನ್ನೆ. ವಸ್ತು ತಯಾರಿಸಲು ಕಲಿತ ಬ್ಲೂಪ್ರಿಂಟ್ ಕೆಲವು ಸಲ ಉಳಿಯುತ್ತದೆ, ಅದೂ ಖಾತ್ರಿಯಿಲ್ಲ. ನಿಮ್ಮ ಜೊತೆ ಗಟ್ಟಿಯಾಗಿ ನಿಲ್ಲುವುದು ಸ್ಕಿನ್ ಒಂದೇ, ಅಂದರೆ ಆಟದ ವಸ್ತುಗಳಿಗೆ ತೊಡಿಸುವ ಹೊರನೋಟ, ಯಾಕೆಂದರೆ ಅದು ಇರುವುದು ಆಟಗಳನ್ನು ಕೊಳ್ಳುವ ತಾಣವಾದ ಸ್ಟೀಮ್‌ನ ಖಾತೆಯಲ್ಲಿ.

ಹೀಗಾಗಿ ಆಟಗಳ ನೇರಪ್ರಸಾರದ ತಾಣ ಟ್ವಿಚ್‌ನಲ್ಲಿ ಡ್ರಾಪ್ಸ್, ಅಂದರೆ ನೋಡಿದ್ದಕ್ಕೆ ಕೊಡುವ ಬಹುಮಾನ, ಬಂತೆಂದರೆ ನಮ್ಮ ಗುಂಪಿನಲ್ಲಿ ಜಾತ್ರೆಯ ಸಂಭ್ರಮ. ಸ್ಟೀಮ್ ಖಾತೆಯನ್ನೂ ಟ್ವಿಚ್ ಖಾತೆಯನ್ನೂ ಲಿಂಕ್ ಮಾಡಿ, ಯಾರದಾದರೂ ರಸ್ಟ್ ಸ್ಟ್ರೀಮ್ ಅನ್ನು ಕೆಲವು ಗಂಟೆ ನೋಡಿದರೆ ಒಂದು ಗ್ಯಾರೇಜ್ ಬಾಗಿಲಿನದೋ ಜಾಕೆಟ್ಟಿನದೋ ಮಲಗುವ ಚೀಲದ್ದೋ ಸ್ಕಿನ್ ಸಿಗುತ್ತದೆ. ಅಂಗಡಿಯ ಸ್ಕಿನ್‌ಗಳ ಹಾಗಲ್ಲ, ಇದನ್ನು ಸ್ಟೀಮ್ ಮಾರ್ಕೆಟ್‌ನಲ್ಲಿ ಮಾರಲಿಕ್ಕೂ ಆಗದು, ಕೊಳ್ಳಲಿಕ್ಕೂ ಆಗದು. ಆ ವಾರ ನೀವು ಅಲ್ಲಿದ್ದಿರಿ, ಸಿಕ್ಕಿತು. ಇರಲಿಲ್ಲ, ಇಲ್ಲ.

"ನೋಡಿದರೆ" ಅಂದೆ. ನೋಡಬೇಕಾಗಿಯೇನೂ ಇಲ್ಲ. ಟ್ಯಾಬ್ ತೆರೆದಿದ್ದರೆ ಸಾಕು, ನೀವು ಅದರ ಮುಂದಿದ್ದೀರೋ ಅಡಿಗೆಮನೆಯಲ್ಲಿದ್ದೀರೋ ಟ್ವಿಚ್‌ಗೆ ತಿಳಿಯುವುದಿಲ್ಲ. ನಮ್ಮೂರು ಸಾಗರದಲ್ಲಿ ಮಳೆ ಹಿಡಿದರೆ ನಮ್ಮ ಮನೆಯ ಫೈಬರ್ ಮೊದಲು ಮಲಗುತ್ತದೆ, ಆಮೇಲೆ ಕರೆಂಟು. ಉಳಿಯುವುದು ಮೊಬೈಲ್ ಹಾಟ್‌ಸ್ಪಾಟ್, ದಿನಕ್ಕೆ ಒಂದೂವರೆ ಜಿಬಿ. 6000 ಕೆಬಿಪಿಎಸ್‌ನಲ್ಲಿ ಬರುವ ಸ್ಟ್ರೀಮ್ ಗಂಟೆಗೆ 2.7 ಜಿಬಿ ನುಂಗುತ್ತದೆ, ಅಂದರೆ ಅರ್ಧ ಗಂಟೆ ದಾಟುವಷ್ಟರಲ್ಲಿ ಆ ದಿನದ ಡೇಟಾ ಖಲಾಸ್. ಅದನ್ನೇ ಅತಿ ಕಡಿಮೆ ಗುಣಮಟ್ಟದ 160ಪಿಗೆ ಇಳಿಸಿದರೆ ಗಂಟೆಗೆ 100 ಎಂಬಿ ಆಸುಪಾಸು. ಮನುಷ್ಯರ ಮುಖ ಕಾಣುವುದಿಲ್ಲ, ಬಣ್ಣದ ಚೌಕಗಳು ಅಲುಗಾಡುತ್ತವೆ, ಆದರೆ ಬಾಗಿಲಿಗೆ ಬೇಕಾದ ಹೊತ್ತು ಎಷ್ಟು ಕಳೆಯಿತೆಂದು ತೋರಿಸುವ ಶೇಕಡಾವಾರು ಏರುತ್ತಲೇ ಇರುತ್ತದೆ. ಪ್ಲೇಯರ್ ಮ್ಯೂಟ್ ಮಾಡಿ ಮೂಲೆಯಲ್ಲಿಟ್ಟ ಲ್ಯಾಪ್‌ಟಾಪ್ ನೋಡಿ ಅಮ್ಮನದು ಒಂದೇ ರಾಗ: "ಯಾರೂ ನೋಡದೆ ಇರೋದನ್ನ ಯಾಕೆ ಹಾಕಿಟ್ಟಿದೀಯೆ? ಆರ್ಸು." ಅಮ್ಮನಿಗೆ ಏನೆಂದು ಉತ್ತರ ಕೊಡುವುದು!

ಈ ವ್ಯವಹಾರ ಎಷ್ಟು ದೂರ ಹೋಗಬಹುದು ಎಂದು 2020ರ ಏಪ್ರಿಲ್‌ನಲ್ಲಿ ಎಲ್ಲರೂ ಕಂಡರು. ರಾಯಟ್ ಕಂಪನಿಯವರು ತಮ್ಮ ಹೊಸ ಆಟ ವ್ಯಾಲರಂಟ್‌ನ ಕ್ಲೋಸ್ಡ್ ಬೀಟಾ, ಅಂದರೆ ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿಯ ಪ್ರವೇಶವನ್ನೇ ಡ್ರಾಪ್ಸ್ ಮೂಲಕ ಹಂಚಿದರು. ಒಂದೇ ದಿನದಲ್ಲಿ ಜನ ನೋಡಿದ್ದು 3 ಕೋಟಿ 40 ಲಕ್ಷ ಗಂಟೆ, ಒಂದು ಕ್ಷಣದಲ್ಲಿ ಒಟ್ಟಿಗೆ 17 ಲಕ್ಷ ಮಂದಿ. ಅದರಲ್ಲಿ ಕಣ್ಣಿಟ್ಟು ನೋಡಿದವರೆಷ್ಟು, ಟ್ಯಾಬ್ ತೆರೆದಿಟ್ಟು ಮಲಗಿದವರೆಷ್ಟು, ದೇವರೇ ಬಲ್ಲ. ನೋಡುವವರು ಮಲಗಿದ ಮೇಲೆ ತೋರಿಸುವವರು ಯಾಕೆ ಎದ್ದಿರಬೇಕು? ಕೆಲವು ಸ್ಟ್ರೀಮರ್‌ಗಳು ಹಳೆಯ ರೆಕಾರ್ಡಿಂಗ್ ಅನ್ನೇ ಲೈವ್ ಅಂತ ಓಡಿಸಿ ತಾವೂ ನಿದ್ದೆ ಹೋದರು. ಕೊನೆಗೆ ಟ್ವಿಚ್ ಅದಕ್ಕೆ ಅಡ್ಡ ಬರಬೇಕಾಯಿತು. ಅಂದಹಾಗೆ ಆ ಬೀಟಾ ತೆರೆದ ದೇಶಗಳಲ್ಲಿ ಭಾರತ ಇರಲೇ ಇಲ್ಲ.

ರಸ್ಟ್‌ನ ಕಥೆ ಸ್ವಲ್ಪ ಬೇರೆ. 2013ರಿಂದ ಇದ್ದ ಆಟ. 2021ರ ಜನವರಿಯಲ್ಲಿ ಆಫ್‌ಲೈನ್‌ಟಿವಿ ಎಂಬ ಸ್ಟ್ರೀಮರ್ ಗುಂಪಿನ ಸರ್ವರ್, ಸ್ಪ್ಯಾನಿಷ್ ಸ್ಟ್ರೀಮರ್‌ಗಳ ಎಗೊಲ್ಯಾಂಡ್ ಸರ್ವರ್, ಮೇಲಿಂದ ಡ್ರಾಪ್ಸ್, ಮೂರೂ ಕೂಡಿಬಂದು ಟ್ವಿಚ್ ಪಟ್ಟಿಯ ತುದಿಗೆ ಏರಿಬಿಟ್ಟಿತು. ಆವತ್ತಿನಿಂದ ರಸ್ಟ್ ಮಾಡಿದ ಫೇಸ್‌ಪಂಚ್‌ನವರು ಡ್ರಾಪ್ಸ್ ಬಿಟ್ಟಿಲ್ಲ.

ಇಲ್ಲಿ ಡ್ರಾಪ್ಸ್‌ನಲ್ಲಿ ಎರಡು ಬಗೆ. ಒಂದು, ಇಂಥವರ ಚಾನೆಲ್ಲೇ ನೋಡಬೇಕು, ಅವರ ಲೋಗೋ ಇರುವ ಬಾಗಿಲು ಅವರಲ್ಲೇ ಸಿಗುವುದು. ಇನ್ನೊಂದು ಜನರಲ್, ಡ್ರಾಪ್ಸ್ ಎನೇಬಲ್ಡ್ ಎಂಬ ಟ್ಯಾಗ್ ಇರುವ ಯಾರ ರಸ್ಟ್ ಸ್ಟ್ರೀಮ್ ಆದರೂ ನಡೆಯುತ್ತದೆ. ಮೊದಲನೆಯದರ ಬಗ್ಗೆ ನನಗೆ ಒಲವಿಲ್ಲ. ಈಗಾಗಲೇ ಸಾವಿರಾರು ಜನ ಇರುವ ಕಡೆಗೆ ಇನ್ನಷ್ಟು ಸಾವಿರ ಜನರನ್ನು ಅಟ್ಟುತ್ತಾರೆ, ಅಷ್ಟೆ. ಅವರಿಗೆ ನನ್ನ ಟ್ಯಾಬ್ ಹುಣಸೆಮರಕ್ಕೆ ಇನ್ನೊಂದು ಎಲೆ.

ಜನರಲ್ ಡ್ರಾಪ್ಸ್ ಬಂದಾಗ ಮಾತ್ರ ನನ್ನ ಬುದ್ಧಿ ಚುರುಕಾಗುತ್ತದೆ. ರಸ್ಟ್ ಪುಟದಲ್ಲಿ ಸ್ಟ್ರೀಮ್‌ಗಳ ಸಾಲನ್ನು ಬದಲಿಸುವ ಆಯ್ಕೆ ಇದೆ, ವೀಕ್ಷಕರು ಕಡಿಮೆಯಿಂದ ಹೆಚ್ಚಿಗೆ. ಅದನ್ನು ಒತ್ತಿದರೆ ಪಾತಾಳ ಮೇಲೆ ಬರುತ್ತದೆ. ಒಬ್ಬರೂ ನೋಡದ, ಇಬ್ಬರು ನೋಡುವ ಸ್ಟ್ರೀಮ್‌ಗಳು. ನಾನು ಟ್ಯಾಗ್ ನೋಡಿಕೊಂಡು ಅಲ್ಲೊಂದನ್ನು ಹಿಡಿಯುತ್ತೇನೆ. ಹೇಗಿದ್ದರೂ ತೆರೆದಿಡುವ ಟ್ಯಾಬ್, ಸೊನ್ನೆ ಇದ್ದಲ್ಲಿ ಒಂದಾಗಲಿ. ದೊಡ್ಡವರ ಕಡೆ ಚಾಟ್ ಓದಲಿಕ್ಕಾಗದಷ್ಟು ವೇಗ, ಇಲ್ಲಿ ನಾನೊಂದು ನಮಸ್ಕಾರ ಹಾಕಿದರೆ ಆಡುತ್ತಿದ್ದವರು ಬಿಲ್ಲು ಕೆಳಗಿಟ್ಟು ಓದುತ್ತಾರೆ. ಕಳೆದ ಸಲ ಸಿಕ್ಕಿದ್ದು ಪೋಲೆಂಡಿನ ಒಬ್ಬಾಕೆ. ನಾನು ಬಂದದ್ದೇ ತಡ, "ಬಾಗಿಲಿಗೆ ಬಂದಿರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹೌದು ಎಂದೆ. ಬೇಸರಿಸಲಿಲ್ಲ, ತಾನೂ ಬೇರೆಯವರ ಸ್ಟ್ರೀಮ್ ಇನ್ನೊಂದು ಕಂಪ್ಯೂಟರಿನಲ್ಲಿ ಹಾಕಿಟ್ಟಿದ್ದೇನೆ ಎಂದಳು. ಆಮೇಲೆ ಜೇನುಗೂಡಿನ ಹಾಗೆ ಸುತ್ತಲೂ ಖಾಲಿ ಕೋಣೆಗಳ ಪದರವಿಟ್ಟು ಕೋಟೆ ಕಟ್ಟಿದರೆ ರೇಡ್ ಮಾಡುವವರ, ಅಂದರೆ ಮನೆ ಸಿಡಿಸಲು ಬರುವವರ, ರಾಕೆಟ್ ಹೇಗೆ ವ್ಯರ್ಥವಾಗುತ್ತದೆ ಎಂದು ಅವಳು ತೋರಿಸುತ್ತಿದ್ದಾಗ ನಾನು ಗುಣಮಟ್ಟವನ್ನು 480ಪಿಗೆ ಏರಿಸಿ, ನಿಜಕ್ಕೂ ಕೂತು ನೋಡಿದೆ. ಡೇಟಾ ಹೋಯಿತು, ಹೋಗಲಿ.

ಕಂಪನಿಗೆ ಬೇಕಾದದ್ದು ದೊಡ್ಡ ಸಂಖ್ಯೆ, ಅದಕ್ಕಾಗಿ ಬಾಗಿಲು ಹಂಚುತ್ತಾರೆ. ಇದನ್ನು ದಾನಧರ್ಮ ಎಂದು ಯಾರೂ ತಿಳಿಯಬೇಕಾಗಿಲ್ಲ. ಆದರೆ ಆ ಸಂಖ್ಯೆಯಲ್ಲಿ ನನ್ನ ಪಾಲಿನ ಒಂದನ್ನು ಎಲ್ಲಿ ಕೂರಿಸಬೇಕೆನ್ನುವುದು ನನ್ನ ಕೈಯಲ್ಲಿದೆ. ಹಾಂ, ಶೇಕಡಾ ನೂರಾಯಿತೆಂದು ಸುಮ್ಮನಿರಬೇಡಿ. ಡ್ರಾಪ್ಸ್ ಇನ್ವೆಂಟರಿಗೆ ಹೋಗಿ ಕ್ಲೇಮ್ ಒತ್ತಬೇಕು, ಒತ್ತದೆ ಅವಧಿ ಮುಗಿದರೆ ಬಾಗಿಲೂ ಇಲ್ಲ ಏನೂ ಇಲ್ಲ.

ಈ ಸಲ ತಮ್ಮನ ಖಾತೆಯನ್ನೂ ಲಿಂಕ್ ಮಾಡಿಕೊಟ್ಟೆ. ಕೆಳಗಿನಿಂದ ಹುಡುಕೋ ಎಂದು ಹೇಳಿದ್ದಕ್ಕೆ, "ಅಕ್ಕಾ, ನಂಗೆ ಬೇಕಾಗಿರೋದು ಆ ದೊಡ್ಡ ಸ್ಟ್ರೀಮರ್‌ದು ಎಕೆ ಬಂದೂಕಿನ ಸ್ಕಿನ್ನು, ನಿನ್ನ ಸಮಾಜಸೇವೆ ನೀನೇ ಮಾಡ್ಕೋ" ಎಂದು ಹಾಟ್‌ಸ್ಪಾಟಿನ ಪಾಸ್‌ವರ್ಡ್ ಕೇಳಿದ. ಕೊಟ್ಟೆ, 160ಪಿ ದಾಟಕೂಡದು ಎಂಬ ಷರತ್ತಿನ ಮೇಲೆ.