ನಾಣ್ಯ ಹುಡುಕುವ ಹವ್ಯಾಸಕ್ಕೆ ಕೈಗೆಟಕುವ ಬೆಲೆಯ ಮೆಟಲ್ ಡಿಟೆಕ್ಟರ್

ಇಂಗ್ಲೆಂಡಿನ ಹೊಲಗಳಲ್ಲಿ ಹಳೆಯ ನಾಣ್ಯ ಹುಡುಕುವ ಹವ್ಯಾಸಕ್ಕೆ ಹೊಸದಾಗಿ ಬರುವವರು ಮೊದಲು ವಿಚಾರಿಸುವುದು, ಯಾವ ಯಂತ್ರ ಹೆಚ್ಚು ಆಳದವರೆಗೆ ಪತ್ತೆ ಹಚ್ಚುತ್ತದೆ ಎಂಬುದನ್ನು. ಕಡಿಮೆ ಹಣದಲ್ಲಿ ಕೊಳ್ಳುವವರು ಆಳದ ಚಿಂತೆ ಬಿಟ್ಟು, ಕಬ್ಬಿಣದ ಚೂರುಗಳ ನಡುವೆ ಬೆಳ್ಳಿಯನ್ನು ಗುರುತಿಸಬಲ್ಲ ಯಂತ್ರವನ್ನು ಆರಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಯಂತ್ರದ ತುದಿಯಲ್ಲಿರುವ ತಂತಿಯ ಸುರುಳಿ, ಅಂದರೆ ಕಾಯಿಲ್, ಮಣ್ಣಿನೊಳಗೆ ಉಂಟುಮಾಡುವ ಕಾಂತಕ್ಷೇತ್ರದಿಂದ ನಾಣ್ಯದಲ್ಲಿ ಸುಳಿ ವಿದ್ಯುತ್ತು ಹುಟ್ಟುತ್ತದೆ. ಅದರ ಕ್ಷೇತ್ರವನ್ನು ಕಾಯಿಲ್ ಮತ್ತೆ ಗ್ರಹಿಸುತ್ತದೆ. ಹೋಗುವಾಗಲೂ ಬರುವಾಗಲೂ ಬಲ ಕುಗ್ಗುವುದರಿಂದ, ಕಾಯಿಲ್‌ನ ಅಳತೆಯನ್ನು ಮೀರಿದ ದೂರದಲ್ಲಿ ಆಳ ಎರಡು ಪಟ್ಟಾದರೆ ಸಂಕೇತ ಸುಮಾರು 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಎಷ್ಟೇ ಹಣ ಸುರಿದರೂ ಚಿಕ್ಕ ನಾಣ್ಯದ ಮಟ್ಟಿಗೆ ಹೆಚ್ಚುವ ಆಳ ಅಲ್ಪವೇ.

ಇಲ್ಲಿಯ ಮಧ್ಯಯುಗದ ಬೆಳ್ಳಿ ಪೆನ್ನಿ ಸುಮಾರು 1.4 ಗ್ರಾಂ ತೂಗುವ ತೆಳು ಬಿಲ್ಲೆ. 1279ರ ನಾಣ್ಯ ಸುಧಾರಣೆಗೆ ಮುಂಚೆ ಚಿಲ್ಲರೆ ಬೇಕಾದಾಗ ಅದನ್ನೇ ಹಿಂಬದಿಯ ಶಿಲುಬೆಯ ಗೆರೆಗುಂಟ ಅರ್ಧಕ್ಕೋ ಕಾಲಿಗೋ ಕತ್ತರಿಸುತ್ತಿದ್ದರು. ಕಾಂತಕ್ಷೇತ್ರ ಸೆಕೆಂಡಿಗೆ ಎಷ್ಟು ಸಾವಿರ ಬಾರಿ ಬದಲಾಗುತ್ತದೆ ಎಂಬುದೇ ಕಿಲೋಹರ್ಟ್ಸ್‌ನಲ್ಲಿ ಹೇಳುವ ಆವರ್ತನ. ಅದು ಹೆಚ್ಚಿದಷ್ಟೂ ಚಿಕ್ಕ, ತೆಳು ತುಂಡುಗಳು ಸುಲಭವಾಗಿ ಪತ್ತೆಯಾಗುತ್ತವೆ. ಹಾಗಾಗಿ ಅಂಗೈಯಲ್ಲಿಟ್ಟರೆ ಭಾರವೇ ಗೊತ್ತಾಗದ ಅಂತಹ ಕಾಲು ತುಂಡಿಗೆ 6.5 ಕಿಲೋಹರ್ಟ್ಸ್‌ನ ಗ್ಯಾರೆಟ್ ಏಸ್ 250ಕ್ಕಿಂತ 12 ಕಿಲೋಹರ್ಟ್ಸ್‌ನ ನೋಕ್ಟಾ ಸಿಂಪ್ಲೆಕ್ಸ್ ಪ್ಲಸ್ ಹೆಚ್ಚು ಒಪ್ಪುತ್ತದೆ. ಅದನ್ನು ಪೂರ್ತಿಯಾಗಿ 3 ಮೀಟರ್ ನೀರಿನಲ್ಲಿ ಮುಳುಗಿಸಬಹುದಾದ್ದರಿಂದ ಇಲ್ಲಿನ ಮಳೆಗೂ ಹೆದರಬೇಕಿಲ್ಲ. ಸಮುದ್ರದ ಒದ್ದೆ ಮರಳಿನಲ್ಲಿ ಮಾತ್ರ ಉಪ್ಪು ನೀರೇ ವಿದ್ಯುತ್ತನ್ನು ಹರಿಸುವುದರಿಂದ ಒಂದೇ ಆವರ್ತನದ ಯಂತ್ರಗಳು ಸುಮ್ಮಸುಮ್ಮನೆ ಸದ್ದು ಮಾಡುತ್ತವೆ. ಅಲ್ಲಿಗೆ ಹಲವು ಆವರ್ತನಗಳನ್ನು ಒಟ್ಟಿಗೆ ಬಳಸುವ ಮೈನ್‌ಲ್ಯಾಬ್ ವ್ಯಾಂಕ್ವಿಶ್ 340 ವಾಸಿ, ಆದರೆ ಅದರ ಕಾಯಿಲ್ ಬಿಟ್ಟು ಉಳಿದ ಭಾಗಕ್ಕೆ ನೀರು ತಾಗದಂತೆ ನೋಡಿಕೊಳ್ಳಬೇಕು.

ಕೊಳ್ಳುವ ಮುನ್ನ ಒಂದು ಪರೀಕ್ಷೆಯನ್ನು ತಪ್ಪದೆ ಮಾಡಿ. ಬಯಲಿನಲ್ಲಿ, ನೆಲದ ಮೇಲೆ ಬೆಳ್ಳಿ ನಾಣ್ಯವನ್ನಿಟ್ಟು, ಅದರ ಎರಡೂ ಬದಿಗೆ ನಾಲ್ಕು ಬೆರಳು ದೂರದಲ್ಲಿ ತುಕ್ಕು ಹಿಡಿದ ಮೊಳೆಗಳನ್ನಿಟ್ಟು, ಕಾಯಿಲನ್ನು ಒಮ್ಮೆ ನಿಧಾನವಾಗಿ, ಒಮ್ಮೆ ವೇಗವಾಗಿ ಆಡಿಸಿ. ಮೊಳೆಗಳ ಗೊಗ್ಗರು ಸದ್ದಿನ ನಡುವೆ ನಾಣ್ಯದ ಏರುದನಿ ತುಂಡಾಗದೆ ಕೇಳಿದರೆ ಆ ಯಂತ್ರ ಹೊಲಕ್ಕೆ ಯೋಗ್ಯ.

ಸೆಕೆಂಡ್‌ಹ್ಯಾಂಡ್ ಯಂತ್ರವನ್ನು ಕೀಳಾಗಿ ಕಾಣಬೇಡಿ. 2009ರಲ್ಲಿ ಟೆರ್ರಿ ಹರ್ಬರ್ಟ್ ಅವರು ಸ್ಟಾಫರ್ಡ್‌ಶೈರ್‌ನ ಹೊಲದಲ್ಲಿ ಪತ್ತೆ ಹಚ್ಚಿದ, ಮುಂದೆ 32.85 ಲಕ್ಷ ಪೌಂಡ್ ಬೆಲೆ ಕಟ್ಟಲಾದ ಆಂಗ್ಲೋ-ಸ್ಯಾಕ್ಸನ್ ಚಿನ್ನದ ರಾಶಿ ಸಿಕ್ಕಿದ್ದು ಹಳೆಯ ಡಿಟೆಕ್ಟರಿನಿಂದಲೇ. ಉಳಿದ ಹಣದಲ್ಲಿ ಪಿನ್‌ಪಾಯಿಂಟರ್ ಎಂಬ, ಕೈಯಲ್ಲಿ ಹಿಡಿಯುವ ಪುಟ್ಟ ಡಿಟೆಕ್ಟರ್ ಕೊಳ್ಳಿ. ಅಗೆದ ಮಣ್ಣಿನ ಹೆಂಟೆಯಲ್ಲಿ ನಾಣ್ಯ ಎಲ್ಲಿದೆಯೆಂದು ಅದು ತೋರಿಸುವುದರಿಂದ ಸಲಿಕೆಯ ಪೆಟ್ಟು ನಾಣ್ಯಕ್ಕೆ ಬೀಳುವುದು ತಪ್ಪುತ್ತದೆ.

ಹೊಲದೊಡೆಯರ ಅನುಮತಿಯಿಲ್ಲದೆ ಎಲ್ಲಿಯೂ ಕಾಲಿಡಬಾರದು. 1996ರ ಟ್ರೆಷರ್ ಕಾಯ್ದೆಯ ಪ್ರಕಾರ, 300 ವರ್ಷಕ್ಕೂ ಹಳೆಯದಾದ ಎರಡು ಅಥವಾ ಹೆಚ್ಚು ಚಿನ್ನ, ಬೆಳ್ಳಿ ನಾಣ್ಯಗಳು ಒಂದೇ ನೆಲೆಯಲ್ಲಿ ಸಿಕ್ಕರೆ 14 ದಿನಗಳೊಳಗೆ ವರದಿ ಮಾಡಬೇಕು. ಊರಿಗೆ ಬರುವಾಗ ಒಂದು ಯಂತ್ರ ತನ್ನಿ ಎನ್ನುವ ಸ್ನೇಹಿತರಿಗೆ ನಾನು ಒಪ್ಪುವುದಿಲ್ಲ. ಭಾರತದಲ್ಲಿ 1878ರ ನಿಧಿ ಕಾಯ್ದೆ ಇಂದಿಗೂ ಜಾರಿಯಲ್ಲಿದ್ದು, ಮಣ್ಣಿನಲ್ಲಿ ಹುದುಗಿದ್ದ, ಹತ್ತು ರೂಪಾಯಿ ಮೀರಿದ ಬೆಲೆಯ ವಸ್ತು ಏನೇ ಸಿಕ್ಕಿದರೂ ಅದನ್ನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.